ನೀರುನಾಯಿಯ ದೋಣಿಯಲ್ಲಿ ಕೋತಿ

ಮೀನು ಹಿಡಿಯುವುದನ್ನು ಕಲಿಸೆಂದು ಕೋತಿ ಗೋಗರೆದದ್ದಕ್ಕೆ ನೀರುನಾಯಿ ಅದನ್ನು ತನ್ನ ಪುಟ್ಟ ದೋಣಿಯಲ್ಲಿ ಕೂರಿಸಿಕೊಂಡು ಕಡಲಿಗಿಳಿಯಿತು. ಗಾಳಿ ಎದ್ದು ಅಲೆಗಳು ಉಕ್ಕಿದ್ದೇ ತಡ, ಕೋತಿ ನೀರುನಾಯಿಯ ಎರಡೂ ಕೈಗಳನ್ನು ಅಪ್ಪಿ ಹಿಡಿಯಿತು. ಆಗಷ್ಟೇ ಗಾಳಕ್ಕೆ ಸಿಕ್ಕಿದ್ದ, ನೀರುನಾಯಿಯ ಮರಿಗಳ ಊಟವಾಗಬೇಕಿದ್ದ ದೊಡ್ಡ ಮೀನು ಗಾಳ ಕಿತ್ತುಕೊಂಡು ಹೋಯಿತು.

"ಕೈ ಬಿಡು ಮಾರಾಯ! ಹೀಗೆ ಹಿಡಿದುಕೊಂಡರೆ ನಾನು ಹುಟ್ಟು ಹಾಕುವುದು ಹೇಗೆ?"

"ಬಿಟ್ಟರೆ ಸಾಯುತ್ತೇನೆ!"

"ಬಿಡದಿದ್ದರೂ ಸಾಯುತ್ತೀಯ. ತಗೋ ಈ ಕರಟ, ಒಳಗೆ ಬಂದ ನೀರನ್ನು ಹೊರಗೆ ಚೆಲ್ಲು," ಎಂದು ನೀರುನಾಯಿ ಗದರಿತು.

ಕೋತಿ ಕಣ್ಣು ಮುಚ್ಚಿಕೊಂಡು ಚೆಲ್ಲತೊಡಗಿತು. ಅರ್ಧ ನೀರು ನೀರುನಾಯಿಯ ಮುಖಕ್ಕೇ ಬಿತ್ತು. ಅಂತೂ ಇಂತೂ ದೋಣಿ ದಡ ಸೇರಿತು.

ಮರಳಿನ ಮೇಲೆ ಕಾಲಿಟ್ಟದ್ದೇ ಕೋತಿ ಎದೆಯುಬ್ಬಿಸಿತು. "ನೋಡಿದೆಯಾ? ನಾನಿಲ್ಲದಿದ್ದರೆ ಇವತ್ತು ನೀನು ಮುಳುಗಿಯೇ ಹೋಗುತ್ತಿದ್ದೆ!"

ನೀರಿನಲ್ಲೇ ಹುಟ್ಟಿ ಬೆಳೆದ ನೀರುನಾಯಿ ಮುಖದ ಮೇಲಿನ ನೀರನ್ನು ಒರೆಸಿಕೊಂಡು, ಖಾಲಿ ಬುಟ್ಟಿ ಹಿಡಿದು ಮನೆಯ ಕಡೆ ನಡೆಯಿತು.