ಕೆಂಪು ಗಾರೆ

“ಗುರುಗಳೇ, ಬೆರೆತದ್ದು ಶುದ್ಧವಾದುದಕ್ಕಿಂತ ಕೀಳೇ?” ಎಂದು ಶಿಷ್ಯೆಯೊಬ್ಬಳು ಕೇಳಿದಳು.

ಅವಳ ತಂದೆಯದು ಒಂದು ಜಾತಿ, ತಾಯಿಯದು ಇನ್ನೊಂದು. ಅದಕ್ಕಾಗಿ ಆ ಬೆಳಿಗ್ಗೆ ಜೊತೆಯವರು ಅವಳ ಕೈಯಿಂದ ಮಡಿನೀರಿನ ಕೊಡವನ್ನು ಕಿತ್ತುಕೊಂಡಿದ್ದರು. ಅವರೂ ಅಲ್ಲೇ ಕುಳಿತಿದ್ದರು. ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕ ದಾರಿಹೋಕರಿಗಾಗಿ ನೀರಿನ ತೊಟ್ಟಿ ಕಟ್ಟಿಸಲು ಗಾರೆ ಕೆಲಸದವಳೊಬ್ಬಳನ್ನು ಕರೆಸಿದ. ಒಳ್ಳೆಯ ಸುಣ್ಣವನ್ನೇ ತರಿಸಿಕೊಟ್ಟ. ಅವಳು ಒಡೆದ ಹೆಂಚು, ಹಳೆಯ ಇಟ್ಟಿಗೆಗಳನ್ನು ಕುಟ್ಟಿ, ಜರಡಿ ಹಿಡಿದು, ಒಂದು ಅಳತೆ ಸುಣ್ಣಕ್ಕೆ ಎರಡು ಅಳತೆ ಪುಡಿ ಬೆರೆಸಿ ಅರೆಯತೊಡಗಿದಳು. ಬಿಳಿಯ ಸುಣ್ಣ ಕೆಂಪಾದುದನ್ನು ಕಂಡು ವರ್ತಕ ಕೂಗಾಡಿದ.

“ಹಾಲಿನಂಥ ಸುಣ್ಣಕ್ಕೆ ತಿಪ್ಪೆಯ ಹೆಂಚು ಸುರಿದೆಯಲ್ಲೇ! ಕಲಬೆರಕೆ ಮಾಡುವವಳೆಂದು ಊರೂರಿಗೂ ಸಾರಿಸುತ್ತೇನೆ. ಆಮೇಲೆ ನಿನಗೆ ಯಾರು ಕೆಲಸ ಕೊಡುತ್ತಾರೋ ನೋಡೋಣ.”

“ಕಲಬೆರಕೆ ಮಾಡುವವರು ನಡುಬೀದಿಯಲ್ಲಿ ಕೂತು ಕುಟ್ಟುತ್ತಾರೆಯೇ ಧಣಿ? ಬರೀ ಸುಣ್ಣ ಗೋಡೆಗೆ ಬಳಿಯಲು ಚೆಂದ. ನೀರಿನೊಳಗೆ ಗಟ್ಟಿಯಾಗುವುದಿಲ್ಲ. ನಿಮ್ಮದೊಂದು ಉಂಡೆ, ನನ್ನದೊಂದು ಉಂಡೆ, ಎರಡನ್ನೂ ನೀರಿನಲ್ಲಿಡೋಣ. ನನ್ನದು ಕರಗಿದರೆ ಗಾರೆ ಮೆತ್ತುವ ಈ ಕರಣೆಯನ್ನು ನಿಮ್ಮ ಕಾಲ ಬಳಿ ಇಟ್ಟು ಹೋಗುತ್ತೇನೆ. ಮತ್ತೆ ಮುಟ್ಟುವುದಿಲ್ಲ.”

ಆ ಕೆಲಸ ಬಿಟ್ಟರೆ ಅವಳಿಗೆ ಬೇರೆ ಗತಿ ಇರಲಿಲ್ಲ. ಆದರೂ ಹೇಳಿದಳು.

ಉಂಡೆಗಳನ್ನು ಎರಡು ದಿನ ನೆರಳಿನಲ್ಲಿ ಆರಿಸಿ, ಒಂದು ತಿಂಗಳು ನೀರಿನಲ್ಲಿಟ್ಟರು. ಬಿಳಿಯ ಉಂಡೆ ಬೆರಳು ಇಟ್ಟೊಡನೆ ಬೆಣ್ಣೆಯಂತೆ ಕುಸಿಯಿತು. ಕೆಂಪು ಉಂಡೆಯನ್ನು ವರ್ತಕ ಸಿಟ್ಟಿನಿಂದ ಕಲ್ಲಿಗೆ ಎಸೆದ. ಅದು ಪುಟಿದು ಬಂದು ಅವನ ಕಾಲಿಗೇ ಬಡಿಯಿತು.

ಕಾಲು ತಿಕ್ಕಿಕೊಳ್ಳುತ್ತ ಅವನು ದನಿ ಬದಲಿಸಿದ. “ಹಾಗಾದರೆ ಇನ್ನೂ ನಾಲ್ಕು ಬುಟ್ಟಿ ಪುಡಿ ಸುರಿಯಮ್ಮ. ಒಡೆದ ಹೆಂಚಿಗೇನು ಬರವೇ?”

“ಅಳತೆ ಮೀರಿ ಒಂದು ಹಿಡಿಯನ್ನೂ ಹಾಕುವುದಿಲ್ಲ. ಹಾಕಿದ ದಿನ ನೀವು ನನ್ನನ್ನು ಕಲಬೆರಕೆಯವಳು ಎನ್ನಬಹುದು.”

ಅವಳು ತನ್ನ ಅಳತೆಯಲ್ಲೇ ತೊಟ್ಟಿ ಕಟ್ಟಿದಳು. ಕಟ್ಟಿಸಿದವನ ಹೆಸರು ಈಗ ಯಾರಿಗೂ ನೆನಪಿಲ್ಲ. ತೊಟ್ಟಿ ಮಾತ್ರ ಇಂದಿಗೂ ಒಂದು ಹನಿ ಸೋರಿಲ್ಲ.

ಗುರುಗಳು ಕತೆ ಮುಗಿಸಿದರು. ಬೆಳಿಗ್ಗೆ ಕೊಡ ಕಿತ್ತುಕೊಂಡಿದ್ದವರಲ್ಲಿ ಒಬ್ಬನಿಗೆ ಕತೆ ಹಿಡಿಸಿತ್ತು. “ಆ ತೊಟ್ಟಿ ಎಲ್ಲಿದೆ ಗುರುಗಳೇ?” ಎಂದು ಕೇಳಿದ.

“ನೀನು ದಿನಾ ಮಡಿಯುಟ್ಟು ನೀರು ತುಂಬಿ ತರುತ್ತೀಯಲ್ಲ, ಅದೇ.”