ಬಾಳವ್ವ ಕೊಡದ ಬಳ್ಳಿ

ಹುಳು ಬಿದ್ದ ಹಿತ್ತಲಿನ ಗೆಣಸಿನ ಬಳ್ಳಿಯನ್ನು ಯಾರಿಗೂ ಕೊಡಬಾರದು. ಗೆಡ್ಡೆ, ಬಳ್ಳಿ ಎರಡನ್ನೂ ಕಿತ್ತು ಸುಡಬೇಕು. ಆ ಓಣಿಯಲ್ಲಿ ಈ ನಿಯಮ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮುರಿದರು.

ಅಲ್ಲಿ ಪ್ರತಿ ಹಿತ್ತಲಿನಲ್ಲೂ ಗೆಣಸು. ನೆಡುವ ಬಳ್ಳಿಯನ್ನು ಯಾರೂ ಮಾರುತ್ತಿರಲಿಲ್ಲ. ಕೇಳಿದವರಿಗೆ ಇಲ್ಲ ಎನ್ನುತ್ತಲೂ ಇರಲಿಲ್ಲ. ಆ ವರ್ಷ ಇರುವೆ ಗಾತ್ರದ, ಉದ್ದ ಮೂತಿಯ ಹುಳು ಬಂತು. ಬಳ್ಳಿಯ ಬುಡ ಕೊರೆದು ಗೆಡ್ಡೆಗೆ ಇಳಿಯಿತು. ಅಂಥ ಗೆಣಸು ಬೇಯಿಸಿದರೂ ಕಹಿ. ಹುಳು ಬಿದ್ದಿದೆ ಎಂದು ಬಾಯಿಬಿಟ್ಟು ಹೇಳಿದರೆ ತಮ್ಮ ಗೆಣಸಿನ ಮಡಿಯನ್ನೇ ಸುಡಬೇಕಲ್ಲ? ಪಕ್ಕದವರು ಮೊದಲು ಹೇಳಲಿ ಎಂದು ಎಲ್ಲರೂ ಕಾದರು. ಕೆಟ್ಟ ಗೆಡ್ಡೆಗಳನ್ನು ಹಿತ್ತಲ ಹಿಂದಿನ ಹಳ್ಳಕ್ಕೆ ಎಸೆದರು. ಹಳ್ಳದಿಂದ ಹಿತ್ತಲಿಗೆ ಬರಲು ಹುಳುವಿಗೆ ಯಾರೂ ದಾರಿ ತೋರಿಸಬೇಕಿರಲಿಲ್ಲ.

ಬಾಳವ್ವನೂ ಹಾಗೆ ಎಸೆದವಳೇ.

ಒಂದು ಬೆಳಿಗ್ಗೆ ಅವಳ ಅಕ್ಕನ ಮಗಳು ನೀಲವ್ವ ಬಂದಳು. ಪಕ್ಕದೂರಿನಲ್ಲಿ ಹೊಸದಾಗಿ ಸಂಸಾರ ಹೂಡಿದ್ದಳು. ಆ ಊರಿಗೆ ಹುಳು ಇನ್ನೂ ಕಾಲಿಟ್ಟಿರಲಿಲ್ಲ.

"ಚಿಗವ್ವಾ, ಒಂದು ಹೊರಿ ಬಳ್ಳಿ ಕೊಡು. ಮಡಿ ಮಾಡಿಟ್ಟು ಬಂದೀನಿ."

ರೂಢಿಯಂತೆ ಕುಡುಗೋಲಿಗೆ ಹೋದ ಬಾಳವ್ವನ ಕೈ ಅಲ್ಲೇ ನಿಂತಿತು.

"ಕೊಡೂದಿಲ್ಲ ಮಗಳ. ಹುಳ ಬಿದ್ದೈತಿ. ಈ ಓಣ್ಯಾಗ ಯಾರ ಹತ್ರನೂ ತಗೋಬ್ಯಾಡ."

ಗೋಡೆಯಾಚೆಯಿಂದ ನೆರೆಮನೆಯ ಸಂಕಪ್ಪ ನಕ್ಕ. "ವಯಸ್ಸಾದಂಗ ಕೈ ಬಿಗಿ ಆತು ನೋಡು! ನೀಲವ್ವ, ಈ ಕಡೆ ಬಾ. ನಮ್ಮ ಗೆಣಸು ಬೆಲ್ಲ ಐತಿ."

"ಬೆಲ್ಲ ಇದ್ರ ನಿಮ್ಮ ಎಮ್ಮಿ ಯಾಕ ಮೂಸಿ ತಿನ್ನದ ಬಿಟ್ಟಿತು ಸಂಕಪ್ಪ?" ಎಂದಳು ಬಾಳವ್ವ.

ಸಂಕಪ್ಪ ಕುಡುಗೋಲು ತಂದ. ಬಳ್ಳಿ ಕೊಯ್ಯತೊಡಗಿದ.

ನೀಲವ್ವನ ಕಣ್ಣು ತುಂಬಿತ್ತು. "ಹೊಟ್ಟ್ಯಾಗ ಹುಟ್ಟಿದ ಮಗಳಾಗಿದ್ರ ಹಿಂಗ ಅಂತಿದ್ದೇನ?"

"ಮಗಳು ಅಂತನ ಅನ್ನಾಕತ್ತೀನಿ."

ನೀಲವ್ವ ನಂಬಲಿಲ್ಲ. ಸಂಕಪ್ಪನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು, ಚಿಗವ್ವನ ಬಾಗಿಲ ಕಡೆ ತಿರುಗಿಯೂ ನೋಡದೆ ಹೋದಳು.

ಬಾಳವ್ವ ಗುದ್ದಲಿ ಹಿಡಿದಳು. ಒಂದು ಎಳೆ ಬಿಡದೆ ಬಳ್ಳಿ ಕಿತ್ತಳು, ಗೆಡ್ಡೆ ಅಗೆದಳು, ಒಣ ಕಟ್ಟಿಗೆ ಒಟ್ಟಿ ಬೆಂಕಿ ಇಟ್ಟಳು. ಇಡೀ ಓಣಿ ಗೋಡೆಯ ಮೇಲೆ ಕತ್ತು ಚಾಚಿ ನೋಡಿತು. ತಮ್ಮ ಮಡಿ ಅಗೆಯಲು ಯಾರೂ ಒಳಗೆ ಹೋಗಿ ಗುದ್ದಲಿ ತರಲಿಲ್ಲ. ಕೊನೆಗೆ ಅವಳು ಶಿವರಾತ್ರಿಯ ಉಪವಾಸಕ್ಕೆಂದು ಆರಿಸಿಟ್ಟಿದ್ದ ಗೆಣಸಿನ ಬುಟ್ಟಿ ತಂದು, ಅದನ್ನೂ ಬೆಂಕಿಗೆ ಸುರಿದಳು.

ನೀತಿ: ಕೆಟ್ಟದ್ದೆಂದು ತಿಳಿದೂ ನಗುತ್ತಾ ಕೊಡುವುದು ದಾನವಲ್ಲ, ದ್ರೋಹ. ನಿಮ್ಮವರ ಒಳಿತಿಗಾಗಿ 'ಇಲ್ಲ' ಎನ್ನಬೇಕಾದಾಗ ಎನ್ನಿ. ಅವರು ನಿಮ್ಮನ್ನು ನಂಬುತ್ತಾರೆಂಬ ಭರವಸೆ ಮಾತ್ರ ಇಟ್ಟುಕೊಳ್ಳಬೇಡಿ.