ದನಿ ಬಂದ ದಿಕ್ಕು

ಜ್ವರ ಬಿಟ್ಟ ಮೇಲೆ ಸಾತವ್ವನಿಗೆ ಎಡಗಿವಿ ಕೇಳಿಸದಾಯಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿ ಪಾಠವೆಲ್ಲ ಬಾಯಿಂದ ಕಿವಿಗೆ. ಕಿವಿ ಹೋದವಳನ್ನು ಗುರು ಮುರಿಗೆಯ್ಯನವರು ಇಟ್ಟುಕೊಂಡಾರೆಯೇ? ಈ ದಿಗಿಲಿನಲ್ಲಿ ಅವಳು ದಿನವೂ ಎಲ್ಲರಿಗಿಂತ ಮೊದಲು ಬಂದು, ಬಲಗಿವಿ ಗುರುಗಳ ಕಡೆಗಿರುವಂತೆ ಜಾಗ ಹಿಡಿಯುತ್ತಿದ್ದಳು. ಯಾರಾದರೂ ಎಡಗಡೆಯಿಂದ ಮಾತಾಡಿಸಿದರೆ ಸುಮ್ಮನೆ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹೊಳೆನಡುವಿನ ಮರಳದಿಬ್ಬಕ್ಕೆ ಜೊಂಡು ಕೊಯ್ಯಲು ಹೋದಳು. ಹೋಗುವಾಗ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಕೊಯ್ದು ತಲೆಯೆತ್ತುವಷ್ಟರಲ್ಲಿ ಮಂಜು ಕವಿದಿತ್ತು. ದಂಡೆ ಕಾಣಲಿಲ್ಲ. ಚಾಚಿದ ಕೈಯೂ ಮಸುಕಾಗಿತ್ತು.

ನೀರು ಹಿಮ್ಮಡಿಗೆ ತಾಗಿತು. ಮೇಲಿನ ಸೀಮೆಯಲ್ಲಿ ಮಳೆಯಾಗಿರಬೇಕು.

“ಸಾತವ್ವಾ!” ಗುರುಗಳ ದನಿ. “ಹೊಳೆ ಏರುತ್ತಿದೆ. ನನ್ನ ದನಿ ಹಿಡಿದು ಬಾ!”

ಅವಳು ಅತ್ತ ಓಡಿದಳು. ನೀರು ಮೊಣಕಾಲಿಗೆ ಬಂತು. ಇತ್ತ ಓಡಿದಳು. ದಿಬ್ಬದ ಸುತ್ತ ಸುಳಿಯುವ ನೀರಿನಲ್ಲಿ ಹರಿವು ಯಾವ ಕಡೆಗೆಂದೂ ತಿಳಿಯದು. ದನಿ ಎಲ್ಲ ಕಡೆಯಿಂದಲೂ ಬಂದಂತಿತ್ತು, ಯಾವ ಕಡೆಯಿಂದಲೂ ಬರದಂತೆಯೂ ಇತ್ತು.

“ಯಾಕೆ ಬರುತ್ತಿಲ್ಲ?”

ಇನ್ನು ಮುಚ್ಚಿಡಲು ಹೊತ್ತಿರಲಿಲ್ಲ. “ದಿಕ್ಕು ತಿಳಿಯುತ್ತಿಲ್ಲ ಗುರುಗಳೇ! ನನಗೆ ಎಡಗಿವಿ ಕೇಳಿಸುವುದಿಲ್ಲ!”

ಅವಳಿಗೆ ನೀರಿಗಿಂತ ಆಡಿಬಿಟ್ಟ ಮಾತಿನ ಭಯವೇ ಹೆಚ್ಚಾಯಿತು.

“ಓಡಬೇಡ. ನಿಂತಲ್ಲೇ ಮೆಲ್ಲಗೆ ತಿರುಗು. ನಾನು ಒಂದೇ ಸಮನೆ ಕೂಗುತ್ತಿರುತ್ತೇನೆ. ದನಿ ಗಟ್ಟಿಯಾದಲ್ಲಿ ನಿಲ್ಲು. ಆಗ ನಿನ್ನ ಬಲಗಿವಿ ಯಾವ ಕಡೆಗಿದೆಯೋ ಆ ಕಡೆ ನಾನಿದ್ದೇನೆ.”

ಅವಳು ತಿರುಗಿದಳು. ದನಿ ತೆಳ್ಳಗಾಯಿತು; ತನ್ನ ತಲೆಯೇ ಅದಕ್ಕೆ ಅಡ್ಡ ಬಂದಿತ್ತು. ಇನ್ನೂ ತಿರುಗಿದಳು. ದನಿ ತುಂಬಿ ಬಂತು. ಬಲಕ್ಕೆ ಹೆಜ್ಜೆಯಿಟ್ಟಳು. ಸ್ವಲ್ಪ ದೂರ ಹೋದ ಮೇಲೆ ದನಿ ಮತ್ತೆ ಜಾರಿತು. ಸೊಂಟದ ನೀರಿನಲ್ಲಿ ನಿಂತು, ತಿರುಗಿ, ಹುಡುಕಿ, ನಡೆದು ಬಂದವಳ ರಟ್ಟೆಯನ್ನು ಕೊನೆಗೆ ಒಂದು ಮುದಿಗೈ ಹಿಡಿದೆಳೆಯಿತು.

ಕೂಗಿ ಕೂಗಿ ಗುರುಗಳ ಗಂಟಲು ಕಟ್ಟಿತ್ತು.

ನಡುಕ ನಿಂತ ಮೇಲೆ ಅವಳು ಕೇಳಿದಳು: “ಉಳಿದವರಿಗೆ ದಿಕ್ಕು ಹೇಗೆ ತಿಳಿಯುತ್ತದೆ?”

“ದನಿ ಎಂದರೆ ಗಾಳಿಯ ಕಂಪನ. ಅದು ಹತ್ತಿರದ ಕಿವಿಯನ್ನು ಮೊದಲು ಮುಟ್ಟುತ್ತದೆ, ದೂರದ್ದನ್ನು ಕೂದಲೆಳೆಯಷ್ಟು ತಡವಾಗಿ. ಆ ತಡದಿಂದಲೇ ಬುದ್ಧಿ ದಿಕ್ಕು ಹಿಡಿಯುತ್ತದೆ. ಅವರಿಗೆ ತಿರುಗಿ ನೋಡುವ ಗೋಜಿಲ್ಲ.”

“ನನಗೆ ಆ ತಡ ಇನ್ನೆಂದೂ ಗೊತ್ತಾಗುವುದಿಲ್ಲ.” ಅವಳು ನೆಲ ನೋಡಿದಳು. “ನಾನು ಊರಿಗೆ ಹೋಗಲೇ?”

“ಯಾಕೆ?”

“ಒಂದೇ ಕಿವಿಯವಳಿಗೆ ನೀವು ಹೇಗೆ ಪಾಠ ಹೇಳುತ್ತೀರಿ?”

ಮುರಿಗೆಯ್ಯನವರು ಕಟ್ಟಿದ ಗಂಟಲಲ್ಲೇ ಹೇಳಿದರು: “ಇಷ್ಟು ವರ್ಷ ಪಾಠ ಹೇಳಿದ್ದೇನೆ ತಾಯಿ. ನನ್ನ ಮಾತು ಎಲ್ಲಿಂದ ಬರುತ್ತಿದೆ ಎಂದು ನಿಂತು ಹುಡುಕಿದವರು ಇವತ್ತಿನವರೆಗೆ ಯಾರೂ ಇರಲಿಲ್ಲ.”